ನೋವಾ ಮಾದರಿಯ ಪ್ರಶ್ನಾವಳಿ: ಚೌಕಟ್ಟು ಗಟ್ಟಿ, ನಂಬಿಕೆಯ ಲೆಕ್ಕ ಅರೆಬರೆ

ಶುದ್ಧ ನದಿಗೋ ಕಾಡಿಗೋ ಜನ ಎಷ್ಟು ಹಣ ಕೊಟ್ಟಾರು ಎಂದು ಅಳೆಯಲು ಹೊರಟವರು ಇವತ್ತಿಗೂ ತೆರೆದು ನೋಡುವುದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ (NOAA) ನೇಮಿಸಿದ ಸಮಿತಿಯ 1993ರ ಮಾರ್ಗಸೂಚಿ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದಾದ ತೈಲ ಸೋರಿಕೆಯ ನಂತರ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೊಲೊ ನೇತೃತ್ವದಲ್ಲಿ ಬಂದದ್ದು. ಮುಖಾಮುಖಿ ಸಂದರ್ಶನ, ಇಷ್ಟು ತೆರಿಗೆಗೆ ಈ ಯೋಜನೆ ಬೇಕೋ ಬೇಡವೋ ಎಂಬ ಮತದಾನದ ಧಾಟಿ, 'ಉತ್ತರಿಸಲಾರೆ' ಎನ್ನಲು ಅವಕಾಶ: ಇವೆಲ್ಲ ಈಗಲೂ ಬಾಳಿಕೆಯವು.

ಎಡವುವುದು ನಂಬಿಕೆಯಲ್ಲಿ. ವಿವರಿಸಿದ ಸನ್ನಿವೇಶವನ್ನು ಜನ ನಂಬಿದರೇ ಎಂದು ಕೇಳಿ ಕೋಷ್ಟಕ ಹಾಕಿ ಎನ್ನುತ್ತದೆ ಮಾರ್ಗಸೂಚಿ. ನಂಬದವರ ಉತ್ತರವನ್ನು ಲೆಕ್ಕದಲ್ಲಿ ಸರಿದೂಗಿಸುವ ದಾರಿ ತೋರಿಸುವುದಿಲ್ಲ. ಶುದ್ಧ ನದಿ ಒಬ್ಬರಿಗೆ ವರ್ಷಕ್ಕೆ 160 ರೂಪಾಯಿ ಬಾಳುತ್ತದೆ ಎನ್ನಿ. ಯೋಜನೆ ಫಲಿಸುವುದು ಅರ್ಧಕ್ಕರ್ಧ ಅನುಮಾನ ಎಂದುಕೊಂಡರೆ ಅವರ ಮನಸ್ಸಿನ ಲೆಕ್ಕ 80. ತೆರಿಗೆ 100 ಎಂದಾಗ 'ಬೇಡ' ಎನ್ನುತ್ತಾರೆ, ನದಿಗೆ ಬೆಲೆಯೇ ಕಡಿಮೆ ಎಂದು ದಾಖಲಾಗುತ್ತದೆ. ಅಪನಂಬಿಕೆ ಯಾವಾಗಲೂ ಮೊತ್ತ ಇಳಿಸುತ್ತದೆ ಎಂದೂ ಅಲ್ಲ. ಈ ತೆರಿಗೆ ಯಾರೂ ವಸೂಲಿ ಮಾಡುವುದಿಲ್ಲ ಎಂದುಕೊಂಡವರು ಧಾರಾಳವಾಗಿ 'ಬೇಕು' ಎಂದುಬಿಡುತ್ತಾರೆ.

ಹಾಗಾಗಿ 'ಮಾಹಿತಿ ನಂಬಿದಿರಾ' ಎಂಬ ಒಂದೇ ಪ್ರಶ್ನೆ ಸಾಲದು. ಈಗಿನ ಸ್ಥಿತಿಯ ವಿವರಣೆ, ಯೋಜನೆಯ ಫಲ, ತೆರಿಗೆ ವಸೂಲಿ, ಸಮೀಕ್ಷೆಯ ಫಲಿತಾಂಶ ಆಡಳಿತಕ್ಕೆ ತಲುಪುವುದು: ನಾಲ್ಕನ್ನೂ ಬೇರೆ ಬೇರೆಯಾಗಿ, 5 ಅಂಕದ ಮಾಪಕದಲ್ಲಿ, ಮತದ ಪ್ರಶ್ನೆ ಮುಗಿದ ಮೇಲೆ ಕೇಳಿ. ಮೊದಲೇ ಕೇಳಿದರೆ ಇಲ್ಲದ ಸಂಶಯ ಹುಟ್ಟುತ್ತದೆ. ಆಮೇಲೆ ಕೇಳಿದರೂ ಒಂದು ತೊಡಕಿದೆ: 'ಬೇಡ' ಎಂದವರು ನಂಬಿಕೆಯಿಲ್ಲ ಎಂಬುದನ್ನು ನೆಪ ಮಾಡಿಕೊಳ್ಳಬಹುದು. ಆದ್ದರಿಂದ ಆ ಅಂಕಗಳನ್ನು ನೇರವಾಗಿ ಮೊತ್ತ ಅಂದಾಜಿಸುವ ಸಮೀಕರಣಕ್ಕೆ ತುರುಕಿದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲಾಗದು. ಅಪನಂಬಿಕೆಯವರನ್ನು 'ಪ್ರತಿಭಟನೆಯ ಉತ್ತರ' (ಬೆಲೆ ಹೇಳದೆ ಪ್ರಶ್ನೆಯನ್ನೇ ತಿರಸ್ಕರಿಸಿದ ಉತ್ತರ) ಎಂದು ಕಿತ್ತುಹಾಕುವುದು ಇನ್ನೂ ಕೆಟ್ಟ ಚಾಳಿ; ಉಳಿಯುವುದು ಒಪ್ಪುವವರ ಗುಂಪು ಮಾತ್ರ. ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡೂ ಮೊತ್ತ ವರದಿ ಮಾಡಬೇಕು.

ನೆಚ್ಚಬಹುದಾದ ದಾರಿ ಚೀಟಿ ಎತ್ತಿ ಗುಂಪು ಮಾಡುವುದು. ವಿವರಣೆಯಲ್ಲಿ ಒಂದಕ್ಷರವೂ ಬದಲಾಗದೆ, ಮಾಹಿತಿ ಕೊಟ್ಟವರು ಯಾರು ಎಂಬುದಷ್ಟೇ ಬದಲಾಗಲಿ: ಅರ್ಧ ಜನಕ್ಕೆ ಸರ್ಕಾರಿ ಇಲಾಖೆ, ಅರ್ಧಕ್ಕೆ ಸ್ವತಂತ್ರ ವಿಜ್ಞಾನಿಗಳ ತಂಡ. ಇಲಾಖೆಯ ಹೆಸರು ಕೇಳಿದ್ದಕ್ಕೇ ಮೊತ್ತ ಎಷ್ಟು ಬದಲಾಗುತ್ತದೆಂದು ಆಗ ಕಣ್ಣಿಗೆ ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಮಿತಿ ಹೇಳಿದ 1000 ಜನರ ಮಾದರಿ ಎರಡು ಗುಂಪು, ಬೇರೆ ಬೇರೆ ಜನಕ್ಕೆ ಕೇಳುವ ಐದು ತೆರಿಗೆ ಮೊತ್ತಗಳಿಗೆ ಹಂಚಿಹೋದರೆ ಗುಂಪು-ಮೊತ್ತದ ಒಂದೊಂದು ಜೋಡಿಗೆ ಸಿಗುವುದು 100 ಉತ್ತರ. ಅಷ್ಟರಲ್ಲಿ ಸಣ್ಣ ವ್ಯತ್ಯಾಸ ಹಿಡಿಯಲಾಗದು. ಮಾದರಿ ದೊಡ್ಡದು ಮಾಡಿ, ಇಲ್ಲವೇ ತೆರಿಗೆಯ ಮೊತ್ತಗಳನ್ನು ಮೂರಕ್ಕಿಳಿಸಿ.