2 ಮಿಮೀ ಮೈಕ್ರೋವೇವ್ ಅಬ್ಸಾರ್ಬರ್ ಶೀಟ್: ಎಕ್ಸ್ ಬ್ಯಾಂಡ್‌ಗೆ ಸೂಪರ್, ಲೇಬಲ್ ಮಾತ್ರ ನಂಬ್ಬೇಡಿ

ಮೆಟಲ್ ಮೇಲೆ ಅಂಟಿಸಿದ್ರೆ ಮೈಕ್ರೋವೇವ್ ಸಿಗ್ನಲ್ ವಾಪಸ್ ಹೋಗದಂಗೆ ಹೀರ್ಕೊಳ್ಳೋ ಶೀಟ್ ಇದು. ಬೆಂಗಳೂರು ಎಸ್‌ಪಿ ರೋಡಲ್ಲಿ ತಗೊಂಡಿದ್ದು, ಎ4 ಸೈಜು, ಹಿಂದೆ ಗಮ್ ಇದೆ, ಸಿಲಿಕೋನ್ ರಬ್ಬರ್ ಒಳಗೆ ಕಾರ್ಬನೈಲ್ ಐರನ್ (ತುಂಬಾ ನುಣ್ಣಗಿನ ಕಬ್ಬಿಣ) ಪೌಡರ್. ಕೈಗೆತ್ಕೊಂಡ್ರೇನೇ ಗೊತ್ತಾಗುತ್ತೆ, ಅರ್ಧ ಕೆಜಿ ಹತ್ರ ಇದೆ, ಪೌಡರ್ ಚೆನ್ನಾಗೇ ತುಂಬಿದಾರೆ. ಪೀಸ್ ಕಟ್ ಮಾಡಿ ಕೊಡಲ್ಲ, ಪೂರ್ತಿ ಶೀಟೇ ತಗೋಬೇಕು.

ಪೀಣ್ಯದಲ್ಲಿ ನಮ್ದು ಚಿಕ್ಕ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಯೂನಿಟ್ಟು, ಎಕ್ಸ್ ಬ್ಯಾಂಡ್ (8–12 ಗಿಗಾಹರ್ಟ್ಜ್) ಆಂಪ್ಲಿಫೈಯರ್‌ಗೆ ಮುಚ್ಚಳ ಹಾಕಿದ ತಕ್ಷಣ ಸಿಗ್ನಲ್ ಒಳಗೇ ಪುಟಿದು ಬಾಕ್ಸೇ ಕ್ಯಾವಿಟಿ ಆಗಿ ಆಂಪ್ಲಿಫೈಯರ್ ತಾನಾಗೇ ಆಸಿಲೇಟ್ ಆಗೋದು, ಮುಚ್ಚಳದ ಒಳಗಡೆ ಇದ್ರ ಒಂದು ಪೀಸ್ ಅಂಟಿಸಿದ್ಮೇಲೆ ಪೂರ್ತಿ ನಿಂತೋಯ್ತು. ಆ ಕೆಲಸಕ್ಕೆ ಕಣ್ಮುಚ್ಕೊಂಡು ತಗೋಬೋದು.

ಆದ್ರೆ ಲೇಬಲ್ ಮೇಲೆ "2–18 ಗಿಗಾಹರ್ಟ್ಜ್, 20 ಡಿಬಿ" ಅಂತ ಹಾಕಿದಾರೆ, ಅಂದ್ರೆ ಆ ರೇಂಜ್ ಪೂರ್ತಿ ವಾಪಸ್ ಬರೋ ಪವರ್ ನೂರರಲ್ಲಿ ಒಂದು ಪಾಲು ಮಾತ್ರ ಅಂತ, ಇದು ನಂಗೆ ನಿಜವಾಗ್ಲೂ ಕೋಪ ತರಿಸ್ತು. 22.86 × 10.16 ಮಿಮೀ ಪೀಸ್ ಬ್ಲೇಡಲ್ಲಿ ಕುಯ್ದು, ಅಂಚಲ್ಲಿ ಗ್ಯಾಪ್ ಬರದಂಗೆ ವೇವ್‌ಗೈಡ್ (ಸಿಗ್ನಲ್ ಸಾಗೋ ಮೆಟಲ್ ಕೊಳವೆ) ಒಳಗೆ ಶಾರ್ಟ್ ಪ್ಲೇಟ್‌ಗೆ (ಅದ್ರ ತುದಿ ಮುಚ್ಚೋ ಮೆಟಲ್ ಪ್ಲೇಟ್) ಒತ್ತಿ, ಎಷ್ಟು ಸಿಗ್ನಲ್ ವಾಪಸ್ ಬರುತ್ತೆ ಅಂತ ಅಳೆಯೋ ವಿಎನ್ಎ (ವೆಕ್ಟರ್ ನೆಟ್‌ವರ್ಕ್ ಅನಲೈಸರ್) ಹಾಕಿ ನೋಡಿದ್ರೆ 9.5 ಗಿಗಾಹರ್ಟ್ಜ್ ಹತ್ರ 20 ಡಿಬಿ ದಾಟೋ ಒಳ್ಳೆ ಡಿಪ್ ಇದೆ, 12 ಗಿಗಾಹರ್ಟ್ಜ್ ಬರೋಷ್ಟ್ರಲ್ಲಿ 8 ಡಿಬಿಗೆ ಇಳಿದೋಗುತ್ತೆ. ಹಾರ್ನ್ ಆಂಟೆನಾ ಇಟ್ಟು 2 ಗಿಗಾಹರ್ಟ್ಜಲ್ಲಿ ನೋಡಿದ್ರೆ ಹೆಚ್ಚುಕಮ್ಮಿ ಬರೀ ಮೆಟಲ್ ಥರನೇ. ಇಂಥ ಶೀಟ್ ದಪ್ಪ ಕಾಲು ವೇವ್‌ಲೆಂಗ್ತ್ ಇರೋ ಫ್ರೀಕ್ವೆನ್ಸಿ ಹತ್ರಾನೇ ಚೆನ್ನಾಗಿ ಹೀರ್ಕೊಳ್ಳೋದು; ಗಾಳೀಲಿ 9.5 ಗಿಗಾಹರ್ಟ್ಜ್‌ಗೆ ಕಾಲು ವೇವ್‌ಲೆಂಗ್ತ್ ಸುಮಾರು 7.9 ಮಿಮೀ, ಮೆಟೀರಿಯಲ್ ಒಳಗೆ ಅದು ನಾಲ್ಕು ಪಟ್ಟು ಕುಗ್ಗಿರೋದ್ರಿಂದ 2 ಮಿಮೀಲಿ ಆ ಒಂದು ಜಾಗಕ್ಕೆ ಮ್ಯಾಚ್ ಆಗಿದೆ, ಅಷ್ಟೇ.

ಮೆಟಲ್ ಮೇಲಿನ ಅಬ್ಸಾರ್ಬರ್ ಇಷ್ಟು ಬ್ಯಾಂಡ್‌ಗೆ ಕಮ್ಮಿ ಅಂದ್ರೂ ಎಷ್ಟು ದಪ್ಪ ಇರ್ಬೇಕು ಅಂತ 2000ದಲ್ಲಿ ರೋಜನೋವ್ ಅನ್ನೋ ವಿಜ್ಞಾನಿ ಕೊಟ್ಟ ಲಿಮಿಟ್ ಇದೆ, ಅದ್ರ ಪ್ರಕಾರ ಮ್ಯಾಗ್ನೆಟಿಕ್ ಅಲ್ಲದ ಅಬ್ಸಾರ್ಬರ್ 2–18 ಗಿಗಾಹರ್ಟ್ಜ್ ಪೂರ್ತಿ 20 ಡಿಬಿ ಕೊಡ್ಬೇಕಂದ್ರೆ ಕಮ್ಮಿ ಅಂದ್ರೂ 15 ಮಿಮೀ ಮೇಲೆ ದಪ್ಪ ಬೇಕು, ಎಷ್ಟೇ ಲೇಯರ್ ಹಾಕಿ, ಯಾವ ಪ್ಯಾಟರ್ನ್ ಪ್ರಿಂಟ್ ಮಾಡಿ. ಐರನ್ ಇದ್ರೆ ಸ್ಟ್ಯಾಟಿಕ್ ಪರ್ಮಿಯಬಿಲಿಟಿ (ಬದಲಾಗದ ಮ್ಯಾಗ್ನೆಟಿಕ್ ಫೀಲ್ಡ್‌ಗೆ ಮೆಟೀರಿಯಲ್ ಗಾಳಿಗಿಂತ ಎಷ್ಟು ಪಟ್ಟು ಸ್ಪಂದಿಸುತ್ತೆ ಅನ್ನೋ ಸಂಖ್ಯೆ) ಎಷ್ಟೋ ಅಷ್ಟು ಪಟ್ಟು ತೆಳ್ಳಗೆ ಮಾಡ್ಬೋದು, ಅಂದ್ರೆ 2 ಮಿಮೀಗೆ ಅದು 8 ಹತ್ರ ಬೇಕು, ಅದೂ ಡಿಸೈನ್ ಐಡಿಯಲ್ ಆಗಿದ್ರೆ. ಸಿಂಗಲ್ ಲೇಯರ್ ರಬ್ಬರಲ್ಲಿ ಎಲ್ಲಿಂದ ಬರುತ್ತೆ? ಪ್ರಾಜೆಕ್ಟ್ ಮಾಡೋ ಹುಡುಗ್ರು ಲೇಬಲ್ ನಂಬಿ ಆಂಟೆನಾ ಟೆಸ್ಟ್ ಬಾಕ್ಸ್‌ಗೆಲ್ಲ ಇದನ್ನ ಮೆತ್ತಿ, ರೀಡಿಂಗ್ ಯಾಕೆ ಸರಿ ಬರ್ತಿಲ್ಲ ಅಂತ ಒದ್ದಾಡ್ತಾರೆ ಪಾಪ. ಆ ಕೆಲಸಕ್ಕೆ ಪಿರಮಿಡ್ ಫೋಮೇ (ಮುಳ್ಳುಮುಳ್ಳು ಆಕಾರದ ದಪ್ಪ ಅಬ್ಸಾರ್ಬರ್) ಬೇಕು, ಜಾಗ ತಿನ್ನುತ್ತೆ, ಬೇರೆ ದಾರಿ ಇಲ್ಲ.

ತಗೊಳ್ಳೋ ಮುಂಚೆ ರಿಫ್ಲೆಕ್ಷನ್ ಲಾಸ್ ಕರ್ವ್ (ಯಾವ ಫ್ರೀಕ್ವೆನ್ಸಿಲಿ ಎಷ್ಟು ಡಿಬಿ ಅಂತ ತೋರಿಸೋ ಗ್ರಾಫ್) ಕೇಳಿ, ಇಲ್ಲಾಂದ್ರೆ ದಪ್ಪ ಬೇರೆ ಬೇರೆ ಇರೋ ಶೀಟ್ ಇದ್ಯಾ ಕೇಳಿ, ದಪ್ಪ ಜಾಸ್ತಿ ಆದಂಗೆ ಡಿಪ್ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಯುತ್ತೆ. ಅಂಟಿಸೋವಾಗ ಮುಚ್ಚಳನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಚೆನ್ನಾಗಿ ಒರೆಸಿ, ಶೀಟ್ ಭಾರ ಇರೋದ್ರಿಂದ ಎಣ್ಣೆ ಜಿಡ್ಡಿದ್ರೆ ಗಮ್ ಬಿಟ್ಕೊಳ್ಳುತ್ತೆ. ಶೀಟ್‌ಗೆ 4 ಸ್ಟಾರ್, ಲೇಬಲ್‌ಗೆ 1.