ಫ್ಲಾಸ್ಕ್‌ನಲ್ಲಿ ಇಂಪೋರ್ಟ್ ಗಂಟು: ತೇಪೆ ಸಾಕಾ, ಫ್ಯಾಕ್ಟರಿ ಬೇಕಾ?

ಚಿಕ್ಕಮಗಳೂರಿನ ಒಂದು ಕಾಫಿ ತೋಟದ ಮಳೆ ಲೆಕ್ಕ ಬರೆದಿಡಲು, ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಮಾಡುವ ಸಲಕರಣೆಯಾದ ಫ್ಲಾಸ್ಕ್‌ನಲ್ಲಿ ಸಣ್ಣ ಆ್ಯಪ್ ಮಾಡಿದ್ದೆ. ಮಾಡೆಲ್‌ಗಳನ್ನು (ಟೇಬಲ್‌ಗಳ ರೂಪ ಹೇಳುವ ಕೋಡ್) ಬೇರೆ ಫೈಲಿಗೆ ಹಾಕಿದ ದಿನವೇ 'ಪಾರ್ಶಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್' (ಫೈಲು ಅರ್ಧ ಮಾತ್ರ ಲೋಡ್ ಆಗಿದೆ) ಎಂಬ ಎರರ್ ಬಂತು. ಆ್ಯಪ್ ಫೈಲು ಮಾಡೆಲ್ ಫೈಲನ್ನು ಕರೆಯುತ್ತದೆ, ಅಂದರೆ ಇಂಪೋರ್ಟ್ ಮಾಡುತ್ತದೆ. ಅದು ಡಿಬಿ (ಡೇಟಾಬೇಸ್ ಜೊತೆ ಮಾತಾಡುವ ಆಬ್ಜೆಕ್ಟ್) ಬೇಕೆಂದು ವಾಪಸ್ ಆ್ಯಪ್ ಫೈಲನ್ನೇ ಕೇಳುತ್ತದೆ. ಅಷ್ಟೊತ್ತಿಗೆ ಡಿಬಿ ಹುಟ್ಟೇ ಇರುವುದಿಲ್ಲ!

ಇಂಪೋರ್ಟ್ ಸಾಲನ್ನು ಫಂಕ್ಷನ್ ಒಳಗೆ ತಳ್ಳುವುದು ಸುಲಭದ ದಾರಿ, ಇದೇ ತೇಪೆ. ಎರಡು ನಿಮಿಷದ ಕೆಲಸ. ಎರಡು ಮೂರು ಫೈಲಿನ ಆ್ಯಪ್‌ಗೆ ಸಾಕು. ಆದರೆ ಆ ಸಾಲಿನಲ್ಲಿ ತಪ್ಪಿದ್ದರೆ ಆ್ಯಪ್ ಶುರುವಾಗುವಾಗ ಗೊತ್ತಾಗುವುದಿಲ್ಲ. ಯಾರೋ ಬಟನ್ ಒತ್ತಿದಾಗ ಗೊತ್ತಾಗುತ್ತದೆ.

ಫ್ಯಾಕ್ಟರಿ ದಾರಿಗೆ, ಅಂದರೆ ಆ್ಯಪನ್ನು ಒಂದು ಫಂಕ್ಷನ್ ಒಳಗೆ ತಯಾರಿಸುವುದಕ್ಕೆ, ಅರ್ಧ ದಿನ ಹಿಡಿಯಿತು. ಡಿಬಿಯನ್ನು ಆ್ಯಪ್ ಇಲ್ಲದೆಯೇ ಪ್ರತ್ಯೇಕ ಫೈಲಿನಲ್ಲಿ ಮಾಡಿಡಬೇಕು. ಆಮೇಲೆ 'ಕ್ರಿಯೇಟ್ ಆ್ಯಪ್' ಫಂಕ್ಷನ್ ಒಳಗೆ 'ಇನಿಟ್ ಆ್ಯಪ್' ಕರೆದು ಜೋಡಿಸಬೇಕು. ಇಲ್ಲಿ ಸಾಲುಗಳ ಸರದಿ ಮುಖ್ಯ: ಮೊದಲು ಕಾನ್ಫಿಗ್ (ಸೆಟ್ಟಿಂಗ್‌ಗಳು), ಆಮೇಲೆ ಇನಿಟ್, ನಂತರ ಬ್ಲೂಪ್ರಿಂಟ್ (ಆ್ಯಪ್‌ನ ಪುಟಗಳ ಗುಂಪು). ನಾನು ಕಾನ್ಫಿಗ್ ಕೆಳಗಿಟ್ಟು, ಡೇಟಾಬೇಸ್ ವಿಳಾಸವೇ ಇಲ್ಲ ಎಂದು ಬೈಸಿಕೊಂಡೆ. ಟೇಬಲ್ ಮಾಡುವ ಸಾಲು ಆ್ಯಪ್ ಕಾಂಟೆಕ್ಸ್ಟ್ (ಈಗ ಯಾವ ಆ್ಯಪ್ ಎಂದು ಫ್ಲಾಸ್ಕ್‌ಗೆ ಗೊತ್ತಿರುವ ಬ್ಲಾಕ್) ಒಳಗೇ ಇರಬೇಕು. ಅದಕ್ಕೂ ಮೊದಲು ಮಾಡೆಲ್‌ಗಳು ಇಂಪೋರ್ಟ್ ಆಗಿರಬೇಕು. ಇಲ್ಲದಿದ್ದರೆ ಎರರೂ ಇಲ್ಲ, ಟೇಬಲೂ ಇಲ್ಲ. ನನ್ನ ತಲೆ ಜಾಸ್ತಿ ತಿಂದದ್ದು ಇದೇ.

ಟೆಸ್ಟ್ ಬರೆಯುವವರಾದರೆ ಯೋಚನೆ ಬೇಡ, ಫ್ಯಾಕ್ಟರಿಯೇ ಸರಿ. ಪ್ರತಿ ಟೆಸ್ಟ್‌ಗೂ ಹೊಸ ಆ್ಯಪ್ ಸಿಗುತ್ತದೆ. ಒಂದು ವಾರ ಮಾತ್ರ ಬಳಸುವ ಆ್ಯಪ್ ಆದರೆ ಸುಮ್ನೆ ತೇಪೆ ಹಾಕಿ.

ಪೈಥಾನ್‌ನ ಇನ್ನೊಂದು ವೆಬ್ ಸಲಕರಣೆಯಾದ ಜಾಂಗೋದವರಿಗೆ ಈ ಆಯ್ಕೆಯೇ ಬೇರೆ. ಅಲ್ಲಿ ಶುರುವಿನ ಕೆಲಸಗಳನ್ನು ಆ್ಯಪ್‌ಕಾನ್ಫಿಗ್‌ನ 'ರೆಡಿ' ಫಂಕ್ಷನ್ ಒಳಗೆ ಇಡುತ್ತಾರೆ.