ಹಳೇ 407ರ ಸಂದಿಗಳಿಗೆ ಯಾವ ಬೀಡಿಂಗ್? ಹಾಕಿ ನೋಡಿದ ಹೋಲಿಕೆ

ಟಾಟಾ 407 ರಸ್ತೆಗೆ ಬಂದಿದ್ದು 1986ರಲ್ಲಿ. ಆ ಕಾಲದ ಹತ್ತಿರದ ಗಾಡಿಗಳು ಇವತ್ತೂ ನಮ್ಮ ಮಲೆನಾಡಿನಲ್ಲಿ ಅಡಿಕೆ, ಗೊಬ್ಬರ, ಕಟ್ಟಿಗೆ ಹೊರುತ್ತಿವೆ. ಇಂಜಿನ್ ರಿಪೇರಿಗೆ ಎಲ್ಲರೂ ದುಡ್ಡು ಹಾಕುತ್ತಾರೆ. ಕ್ಯಾಬಿನ್ನಿನ ಸಂದಿಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ. ಅಂಥಾ ಕಡೆ ಡೋರ್ ಸಂದಿಯಿಂದ ಬಂದ ನೀರು ಮ್ಯಾಟ್ ಕೆಳಗೆ ನಿಂತು, ಎರಡೇ ಮಳೆಗಾಲದಲ್ಲಿ ಫ್ಲೋರ್ ತಗಡನ್ನು ತಿಂದು ಹಾಕುತ್ತದೆ. ಫ್ಲೋರ್ ಬದಲಿಸುವ ಟಿಂಕರಿಂಗ್ ಖರ್ಚಿನ ಮುಂದೆ ಬೀಡಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರ್ ಪಟ್ಟಿಯ ಖರ್ಚು ಏನೂ ಅಲ್ಲ.

ನನ್ನ ಗಾಡಿಗೆ ಮಾರುಕಟ್ಟೆಯಲ್ಲಿ ಸಿಗುವ ಬೇರೆ ಬೇರೆ ಸಾಮಾನು ಹಾಕಿ ನೋಡಿದ್ದೇನೆ. ಯಾವುದು ಎಲ್ಲಿ ನಿಂತಿತು, ಎಲ್ಲಿ ಸೋತಿತು ಅನ್ನುವುದು ಇಲ್ಲಿದೆ.

ಮೊದಲು ಒಂದು ವಿಷಯ. ತೆರೆದು ಮುಚ್ಚುವ ಸಂದಿ ಬೇರೆ, ಅಲುಗದ ಸಂದಿ ಬೇರೆ. ಡೋರು, ಬಾನೆಟ್ಟು ಮೊದಲನೇ ಜಾತಿ. ತಗಡಿಗೆ ತಗಡು ಸೇರಿದ ಜಾಯಿಂಟು, ಲೈಟಿನ ಬುಡ, ವೈರು ತೂರಿ ಬರುವ ತೂತು ಎರಡನೇ ಜಾತಿ. ಒಂದೇ ಸಾಮಾನು ಎರಡಕ್ಕೂ ಆಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಡೋರಿನಿಂದ ಶುರು ಮಾಡೋಣ, ಜಾಸ್ತಿ ನೀರು ಬರುವುದು ಅಲ್ಲಿಂದಲೇ.

ಎಲ್ಲಕ್ಕಿಂತ ಅಗ್ಗ ಅಂದರೆ ಹಿಂದೆ ಗಮ್ ಇರುವ ಸ್ಪಂಜ್ ಟೇಪು. ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಸುಲಿದು ಅಂಟಿಸಿದರೆ ಮುಗಿಯಿತು. ಹಾಕಿದ ದಿನ ಡೋರು ಮುಚ್ಚುವ ಸದ್ದೇ ಬದಲಾಗುತ್ತದೆ, ಕೆಲಸ ಆಯಿತು ಅನ್ನಿಸುತ್ತದೆ. ಆದರೆ ಈ ಮೆತ್ತನೆ ಸ್ಪಂಜು ನೀರು ಹೀರುತ್ತದೆ. ಹೀರಿದ ನೀರನ್ನು ಬಿಡದೆ ತಗಡಿಗೆ ಒತ್ತಿ ಹಿಡಿದುಕೊಳ್ಳುತ್ತದೆ. ಒಂದು ಮಳೆಗಾಲ ಕಳೆದು ಕಿತ್ತು ನೋಡಿದಾಗ ಅದರ ಅಡಿಯಲ್ಲಿ ಉದ್ದಕ್ಕೂ ಕೆಂಪು ತುಕ್ಕಿನ ಗೆರೆ ಇತ್ತು. ಒಮ್ಮೆ ಅಮುಕಿದ ಸ್ಪಂಜು ಮತ್ತೆ ಉಬ್ಬುವುದೂ ಇಲ್ಲ. ಬೇಸಿಗೆಯ ಧೂಳು ತಡೆಯಲು ಸಾಕು, ಮಳೆಗೆ ಬೇಡವೇ ಬೇಡ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಇರುವುದು ಇಪಿಡಿಎಂ ರಬ್ಬರಿನ ಡಿ ಆಕಾರದ ಟೇಪು. ಇದಕ್ಕೂ ಹಿಂದೆ ಗಮ್ ಇರುತ್ತದೆ, ಆದರೆ ಒಳಗೆ ಟೊಳ್ಳು, ಮೈ ಗಟ್ಟಿ, ನೀರು ಹೀರುವುದಿಲ್ಲ. ಇಪಿಡಿಎಂ ಬಿಸಿಲು, ಮಳೆ, ಗಾಳಿಗೆ ಬಿರುಕು ಬಿಡದ ರಬ್ಬರು. ಹಳೇ ಗಾಡಿಗಳಲ್ಲಿ ಬಿರುಕು ಬಿಟ್ಟು ಪುಡಿಯಾಗುವ ಮಾಮೂಲಿ ರಬ್ಬರಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಇಲ್ಲಿ ದುರ್ಬಲ ಜಾಗ ಗಮ್. ಹಳೇ ಪೇಂಟಿನ ಮೇಲೆ ಪಾಲಿಶ್ ಜಿಡ್ಡು, ಹಳೇ ಸಲ್ಯೂಷನ್ ಪೊರೆ ಉಳಿದಿದ್ದರೆ ತಿಂಗಳಲ್ಲಿ ಮೂಲೆ ಬಿಡುತ್ತದೆ. ಥಿನ್ನರಿನಿಂದ ಹಳೆಯದನ್ನೆಲ್ಲ ತೆಗೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣ ದಿನದಲ್ಲಿ ಅಂಟಿಸಿದರೆ ನಿಲ್ಲುತ್ತದೆ. ಗಮ್ ಪೂರ್ತಿ ಹಿಡಿಯಲು ಒಂದು ದಿನವಾದರೂ ಬೇಕು, ಅಲ್ಲಿವರೆಗೆ ನೀರು ಹಾಕಬಾರದು. ಜೂನ್ ಬಂದ ಮೇಲೆ ಈ ಕೆಲಸಕ್ಕೆ ಇಳಿಯುವುದು ಸುಮ್ನೆ ದಂಡ.

ಮೂರನೆಯದು ಕಚ್ಚುವ ಬಲ್ಬ್ ಬೀಡಿಂಗು. ಇದು ಯು ಆಕಾರದ ಪಟ್ಟಿ, ಒಳಗೆ ಲೋಹದ ಕ್ಲಿಪ್ಪು, ಪಕ್ಕಕ್ಕೋ ತಲೆಗೋ ಟೊಳ್ಳು ರಬ್ಬರ್ ಕೊಳವೆ. ಡೋರ್ ಚೌಕಟ್ಟಿನ ತಗಡಿನ ಅಂಚಿಗೆ ಒತ್ತಿದರೆ ತಾನೇ ಕಚ್ಚಿಕೊಳ್ಳುತ್ತದೆ, ಗಮ್ ಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೇಳಿ. ಅಂಚಿನ ದಪ್ಪ ಅಳೆದುಕೊಂಡೇ ಹೋಗಿ. ಹಳೇ ಗಾಡಿಯಲ್ಲಿ ಪ್ಯಾಚ್ ಬೆಸುಗೆ, ಪೇಂಟಿನ ಮೇಲೆ ಪೇಂಟು ಸೇರಿ ಅಂಚು ಒಂದೊಂದು ಕಡೆ ಒಂದೊಂದು ದಪ್ಪ ಇರುತ್ತದೆ. ಬೆಲೆ ಸ್ಪಂಜಿನ ಹಲವು ಪಟ್ಟು, ನಿಜ. ಆದರೂ ಡೋರಿಗೆ ನನ್ನ ಆಯ್ಕೆ ಇದೊಂದೇ. ಡಿ ಟೇಪು ಸವೆದರೆ ಗಮ್ ಕೆರೆದು ಮೊದಲಿಂದ ಶುರು ಮಾಡಬೇಕು. ಇದನ್ನು ಕೈಯಲ್ಲೇ ಕಿತ್ತು, ಅಡಿಯ ತುಕ್ಕು ತಿಕ್ಕಿ, ಪ್ರೈಮರ್ ಬಳಿದು ಮತ್ತೆ ಒತ್ತಬಹುದು.

ಹಾಕುವ ಕ್ರಮದಲ್ಲೇ ಅರ್ಧ ಗೆಲುವು. ಪಟ್ಟಿಯನ್ನು ಎಳೆದು ಹಿಗ್ಗಿಸಿ ಹಾಕಬಾರದು. ಎಳೆದ ರಬ್ಬರು ನಿಧಾನಕ್ಕೆ ಕುಗ್ಗಿ ಜಾಯಿಂಟು ಬಾಯಿ ಬಿಡುತ್ತದೆ. ಒಂಚೂರು ಉದ್ದವೇ ಕತ್ತರಿಸಿ, ಎರಡೂ ತುದಿ ಒಂದಕ್ಕೊಂದು ಒತ್ತಿಕೊಳ್ಳುವಂತೆ ಸೇರಿಸಿ. ಜಾಯಿಂಟು ಡೋರಿನ ಕೆಳಗಿನ ಅಂಚಿನಲ್ಲಿ ಬರಲಿ, ಮೇಲೆ ಬಂದರೆ ನೀರಿಗೆ ದಾರಿ ಆಗುತ್ತದೆ. ಮೂಲೆಯನ್ನು ತೀರಾ ಚೂಪಾಗಿ ತಿರುಗಿಸಿದರೆ ಕೊಳವೆ ಚಪ್ಪಟೆಯಾಗಿ ಅಲ್ಲೇ ಸೋರುತ್ತದೆ.

ಕೊಳವೆಯ ಗಾತ್ರವನ್ನು ಕಣ್ಣಂದಾಜಿನಲ್ಲಿ ತರಬೇಡಿ. ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚೌಕಟ್ಟಿನ ಸುತ್ತ ಅಲ್ಲಲ್ಲಿ ಅಂಟಿಸಿ ಡೋರ್ ಮುಚ್ಚಿ. ತೆರೆದು ಅದರ ದಪ್ಪ ಅಳೆಯಿರಿ. ಕೊಳವೆ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅಮುಕಬೇಕು. ಸಂದಿ 8 ಮಿ.ಮೀ. ಇದ್ದರೆ 12ರಿಂದ 14 ಮಿ.ಮೀ. ಕೊಳವೆ ಸರಿ. ಆದರೆ ಕಬ್ಜಾ ಹತ್ತಿರ 6, ಮೇಲಿನ ಹಿಂದಿನ ಮೂಲೆಯಲ್ಲಿ 15 ಬಂತು ಅಂದುಕೊಳ್ಳಿ. ಆಗ ಜಗತ್ತಿನ ಯಾವ ರಬ್ಬರೂ ಕೆಲಸ ಮಾಡುವುದಿಲ್ಲ. ಡೋರು ಜೋತು ಬಿದ್ದಿದೆ ಅಂತ ಅರ್ಥ. ಕಬ್ಜಾ ಪಿನ್ನು ಬದಲಿಸಿ, ಲಾಕ್ ಕೂರುವ ಸ್ಟ್ರೈಕರನ್ನು ಸರಿಸಿ, ಆಮೇಲೆ ರಬ್ಬರಿನ ಮಾತು. ಅನುಭವಿ ಟಿಂಕರ್ ಒಬ್ಬರು ನನಗೆ ಹೇಳಿದ್ದು ಇದನ್ನೇ: "ಅಣ್ಣಾ, ಮೊದ್ಲು ಬಾಗ್ಲು ಕೂರ್ಲಿ, ಆಮೇಲೆ ಬೀಡಿಂಗ್ ತನ್ನಿ."

ಇನ್ನು ಅಲುಗದ ಸಂದಿಗಳು. ಇಲ್ಲಿ ಪೈಪೋಟಿ ಸಿಲಿಕೋನ್, ಪಿಯು (ಪಾಲಿಯುರೆಥೇನ್) ಸೀಲೆಂಟ್ ಅನ್ನುವ ಸಂದಿ ತುಂಬುವ ಅಂಟು ಮತ್ತು ಬ್ಯುಟೈಲ್ ಟೇಪು, ಈ ಮೂರರ ನಡುವೆ.

ಮನೆ ಕೆಲಸಕ್ಕೆ ತಂದು ಉಳಿದ ಸಿಲಿಕೋನ್ ಟ್ಯೂಬು ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನೇ ಗಾಡಿಗೂ ಹಚ್ಚುತ್ತಾರೆ. ವಿನೆಗರ್ ವಾಸನೆ ಬರುವ ಸಿಲಿಕೋನನ್ನು ದಯವಿಟ್ಟು ತಗಡಿನ ಹತ್ತಿರ ತರಬೇಡಿ. ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಪೇಂಟೂ ಕೂರುವುದಿಲ್ಲ. ಮುಂದೆ ಯಾವತ್ತಾದರೂ ಆ ಜಾಗಕ್ಕೆ ಪೇಂಟ್ ಹೊಡೆಯುವವರಿಗೆ ಅದನ್ನು ಪೂರ್ತಿ ಕೆರೆದು ತೆಗೆಯುವುದೇ ದೊಡ್ಡ ಶಿಕ್ಷೆ.

ತಗಡಿನ ಜಾಯಿಂಟಿಗೆ ಪಿಯು ಸರಿ. ಗಟ್ಟಿ ಹಿಡಿಯುತ್ತದೆ, ಗಾಡಿ ಕುಲುಕಿದರೂ ಬಿರುಕು ಬಿಡುವುದಿಲ್ಲ, ಮೇಲೆ ಪೇಂಟ್ ಹೊಡೆಯಬಹುದು. ಬಿಸಿಲಿಗೆ ಹಾಗೇ ಬಿಟ್ಟರೆ ಮಾತ್ರ ಹಳದಿಯಾಗಿ ಪುಡಿ ಏಳುತ್ತದೆ, ಪೇಂಟು ಹೊಡೆಯಲೇಬೇಕು. ಬಿಚ್ಚಬೇಕಾಗಿ ಬರುವ ಜಾಗಕ್ಕೆ, ಅಂದರೆ ಲೈಟಿನ ಬುಡಕ್ಕೆ, ಮುಚ್ಚಳದ ತಗಡಿಗೆ ಬ್ಯುಟೈಲ್ ಟೇಪು. ಅದು ಯಾವತ್ತೂ ಗಟ್ಟಿಯಾಗದೆ ಅಂಟಂಟಾಗೇ ಇರುತ್ತದೆ. ಹೊರಗೆ ಕಾಣುವ ಕಡೆ ಹಾಕಿದರೆ ಧೂಳೆಲ್ಲ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಇಳಿಯುತ್ತದೆ. ಎರಡು ತಗಡಿನ ನಡುವೆ ಅಡಗಿದ್ದರೆ ಇದಕ್ಕೆ ಸಮ ಇಲ್ಲ.

ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಬಗ್ಗೆ ನನಗೆ ನಿಜಕ್ಕೂ ಕಾಳಜಿ. ಪೆಡಲ್, ಕೇಬಲ್, ವೈರಿಂಗ್ ಬರುವ ತೂತುಗಳ ಅಂಚಿಗೆ ಕೂರುವ ರಬ್ಬರ್ ಬಳೆಗಳು, ಅಂದರೆ ಗ್ರಾಮೆಟ್‌ಗಳು, ಹಳೇ ಗಾಡಿಯಲ್ಲಿ ಉದುರಿಹೋಗಿರುತ್ತವೆ. ಅಲ್ಲಿಂದ ಬರುವುದು ನೀರು, ಶಾಖ ಮಾತ್ರ ಅಲ್ಲ, ಸೈಲೆನ್ಸರ್ ಕಡೆ ಸೋರಿದ ಹೊಗೆಯೂ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಏರಿಸಿಕೊಂಡು ಘಾಟಿ ಹತ್ತುವ ರಾತ್ರಿ ಇದು ಜೀವದ ಪ್ರಶ್ನೆ. ಡೋರ್ ಸಂದಿಗಳನ್ನು ಬಿಗಿ ಮಾಡುವ ಮೊದಲೇ ಈ ತೂತುಗಳಿಗೆ ಹೊಸ ಗ್ರಾಮೆಟ್ ಹಾಕಿ. ಆಯಿಲ್, ಡೀಸೆಲ್ ತಾಗುವ ಕಡೆ ಇಪಿಡಿಎಂ ಊದಿಕೊಂಡು ಹಾಳಾಗುತ್ತದೆ. ಅಲ್ಲಿಗೆ ನೈಟ್ರೈಲ್ ರಬ್ಬರಿನದನ್ನೇ ಕೇಳಿ ತನ್ನಿ.

ಸಂದಿ ಮುಚ್ಚುವ ಹುರುಪಿನಲ್ಲಿ ಡೋರಿನ ಅಡಿಯಲ್ಲಿರುವ ಸಣ್ಣ ತೂತುಗಳನ್ನು ಮುಚ್ಚಬೇಡಿ. ಗಾಜಿನ ಪಕ್ಕದಿಂದ ಡೋರಿನೊಳಗೆ ನೀರು ಇಳಿದೇ ಇಳಿಯುತ್ತದೆ, ಅದು ಹೊರಹೋಗಲು ಇರುವ ದಾರಿ ಅದು. ಮಣ್ಣು ಕಟ್ಟಿದ್ದರೆ ತಂತಿ ಆಡಿಸಿ ಬಿಡಿಸಿ.

ಎಲ್ಲ ಹಾಕಿದ ಮೇಲೆ ಬೀಡಿಂಗಿಗೆ ಸೀಮೆಸುಣ್ಣ ಸವರಿ ಡೋರ್ ಮುಚ್ಚಿ ತೆರೆಯಿರಿ. ಡೋರಿನ ಮೇಲೆ ಗೆರೆ ಎಲ್ಲಿ ತಪ್ಪಿದೆಯೋ ಅಲ್ಲಿ ರಬ್ಬರು ತಾಗುತ್ತಿಲ್ಲ. ಹೊಸದರಲ್ಲಿ ಡೋರು ಬಿಗಿ ಅನ್ನಿಸುತ್ತದೆ, ಗಾಜು ಒಂಚೂರು ಇಳಿಸಿ ಮುಚ್ಚಿದರೆ ಒಳಗಿನ ಗಾಳಿ ತಡೆಯುವುದಿಲ್ಲ. ಆ ಬಿಗಿ ನೋಡಿ ಅವತ್ತೇ ಸ್ಟ್ರೈಕರನ್ನು ಹೊರಗೆ ಸರಿಸಬೇಡಿ. ಒಂದೆರಡು ವಾರದಲ್ಲಿ ಕೊಳವೆ ಹದಕ್ಕೆ ಬಂದ ಮೇಲೆ ಸೀಮೆಸುಣ್ಣದ ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆ ಬೇಕಿದ್ದರೆ ಮುಟ್ಟಿ.